ಅಲ್ಮಾಸ್ ಕೇಳಿದ ಪ್ರಶ್ನೆ

ಕ್ಯಾಮೆರಾ ಓಡುತ್ತಿತ್ತು, ಪೋಷಕ ನಟ ಬಷೀರ್ ಅಹಮದರಿಗೆ ಮುಂದಿನ ಮಾತು ಮರೆತುಹೋಗಿತ್ತು. ತಮಗೇ ತಿಳಿಯದೆ ಎಡಗಿವಿ ವಾಲಿಸಿ ಕಾದರು. ಗೌರಿಬಿದನೂರಿನ ಸುತ್ತ ನಾಟಕ ಆಡುವಾಗ ಪರದೆಯ ಹಿಂದಿನಿಂದ ಮೇಷ್ಟ್ರು ಮಾತು ಹೇಳಿಕೊಡುತ್ತಿದ್ದರು. ಧಾರಾವಾಹಿಗಳಲ್ಲಿ ಕ್ಯಾಮೆರಾ ಪಕ್ಕ ನಿಂತ ಸಹಾಯಕ. ಈ ಸಿನಿಮಾದಲ್ಲಿ ಧ್ವನಿಯೂ ಸ್ಥಳದಲ್ಲೇ ದಾಖಲಾಗುವುದರಿಂದ ಯಾರೂ ತುಟಿ ಬಿಚ್ಚುವಂತಿರಲಿಲ್ಲ. "ಈ ಸಲಾನೂ ತಪ್ಪಿದ್ರೆ ಬೇರೆಯವರನ್ನ ಕರೆಸಣ" ಎಂದು ನಿರ್ದೇಶಕ ನಾಗರಾಜ್ ಮ್ಯಾನೇಜರಿಗೆ ಹೇಳಿದ್ದು ಬಷೀರರಿಗೆ ಕೇಳಿಸಿತ್ತು.

ಮಗಳ ಪಾತ್ರದ ಅಲ್ಮಾಸ್ ತಟ್ಟೆಗೆ ಮುದ್ದೆ ಇಡುತ್ತಾ ಅವರು ಕಿವಿಗೊಟ್ಟು ಕಾಯುವುದನ್ನು ಕಂಡಳು. ಅವಳ ಮಾತು ಮುಗಿದಿತ್ತು. ಆದರೂ, "ಯಾಕಪ್ಪಾ ಸುಮ್ನಾದೆ? ನಾನು ಕುಡುಮಲಕುಂಟೆ ಫ್ಯಾಕ್ಟರಿ ಕೆಲಸಕ್ಕೆ ಹೋದ್ರೆ ನಿನ್ ಮರ್ಯಾದೆ ಹೋಗ್ತದಾ?" ಎಂದಳು.

"ಮರ್ಯಾದೆ ಅಲ್ಲ ಕಣಮ್ಮ. ಮನೇಲಿ ನನ್ನ ಬೈಯೋರೇ ಇರಲ್ವಲ್ಲ ಅನ್ನೋ ಭಯ." ಮರೆತ ಮಾತು ತಾನಾಗಿ ಹೊರಬಂತು.

"ಕಟ್! ಸೂಪರ್ ಸರ್! ಇನ್ನೊಂದ್ ಸಲ ಹತ್ತಿರದಿಂದ ತೆಗೀತೀನಿ" ಎಂದ ನಾಗರಾಜ್. "ಅಲ್ಮಾಸ್, ಸ್ಕ್ರಿಪ್ಟಲ್ಲಿ ಇಲ್ದಿದ್ದು ಬೇಡಮ್ಮ."

ಆ ಪ್ರಶ್ನೆ ಇಲ್ಲದಿದ್ದರೆ ಮಾತು ಮತ್ತೆ ಮರೆತುಹೋದೀತೆಂದು ಬಷೀರ್ ಅಲ್ಮಾಸಳತ್ತ ನೋಡಿದರು.

"ಅದನ್ನ ಕೇಳ್ದೆ ಇದ್ರೆ ಈ ಸೀನಲ್ಲಿ ನಂಗೆ ಅಳು ಬರಲ್ಲ ಸರ್" ಎಂದಳು ಅಲ್ಮಾಸ್, ಬಷೀರರ ಕಡೆ ತಿರುಗಿಯೂ ನೋಡದೆ. "ಸ್ಕ್ರಿಪ್ಟಲ್ಲೇ ಬರ್ಕೊಂಡ್ಬಿಡಿ."