ಅಪ್ಪನ ಮುಷ್ಟಿ

ಬೇಯಿಸಿದ ಮೊಟ್ಟೆಗಳು ಸಿಕ್ಕಿದ್ದು ಹಿತ್ತಲ ಕಸದ ಬಕೆಟ್ಟಿನ ತಳದಲ್ಲಿ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದವು. ನಾಲ್ಕು. ಒಂದೊಂದನ್ನೂ ಒಂದೇ ಸಲ ಕಚ್ಚಿ ಬಿಟ್ಟಂತಿತ್ತು.

ಎರಡು ದಿನದ ಮೊಟ್ಟೆ. ಎರಡು ದಿನವೂ ಅಪ್ಪ ಖಾಲಿ ತಟ್ಟೆ ತೋರಿಸಿ "ತಿಂದಾಯ್ತು" ಎಂದಿದ್ದ. ಮಗಳು ಪೊಟ್ಟಣವನ್ನು ಎಸೆಯಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ನಿಂತಳು.

ಅಪ್ಪ ಮೂವತ್ತು ವರ್ಷ ಲಾರಿ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದವನು. ತುಕ್ಕು ತಿಂದು ಯಾರಿಗೂ ಜಗ್ಗದ ನಟ್ಟು ಅವನ ಕೈಗೆ ಬರುತ್ತಿತ್ತು. ಅಲ್ಲಿಯವರು ಅವನನ್ನು ಕರೆಯುತ್ತಿದ್ದುದೇ ಸ್ಪ್ಯಾನರ್ ಎಂದು. ಎಂದೋ ಬಂದು ಹೋದ ಕಾಮಾಲೆಯ ಸೋಂಕು ಒಳಗೇ ಉಳಿದು ಸದ್ದಿಲ್ಲದೆ ಲಿವರನ್ನು ಹಾಳುಗೆಡವಿತ್ತು. ಒಂದು ತೊಟ್ಟು ಕುಡಿದವನಲ್ಲ. ಆದರೂ ಬೀದಿಯವರು ಹೆಬ್ಬೆರಳನ್ನು ಬಾಯಿಯತ್ತ ತಿರುಗಿಸಿ ಸನ್ನೆ ಮಾಡುತ್ತಿದ್ದರು.

ಮಗಳು ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವವಳು. ಅಪ್ಪನ ಕಾಯಿಲೆ ಅವಳಿಗೆ ಅರ್ಥವಾದದ್ದು ಅಳತೆಯ ಟೇಪಿನಿಂದ. ಅಂಗಿಯ ಹೊಟ್ಟೆಯ ಭಾಗವನ್ನು ಎರಡು ಅಂಗುಲ ಬಿಚ್ಚಿ ಸಡಿಲಿಸಬೇಕಾಗಿ ಬಂತು. ತೋಳನ್ನು ಮೂರು ಅಂಗುಲ ಒಳಹಿಡಿದು ಬಿಗಿ ಮಾಡಬೇಕಾಗಿ ಬಂತು.

ಮೂರು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನ ಕೈಗೆ ಮುಷ್ಟಿಯ ಬಲ ಅಳೆಯುವ ಒಂದು ಉಪಕರಣ ಕೊಟ್ಟು ಹಿಂಡಲು ಹೇಳಿದ್ದರು. ಮುಳ್ಳು ಹನ್ನೊಂದು ಕಿಲೋಗೆ ನಿಂತಿತ್ತು.

"ಲಿವರ್ ಕೈಕೊಟ್ಟಾಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ತಿನ್ನುತ್ತೆ," ಎಂದಿದ್ದರು ಡಾಕ್ಟರು. "ಮಗ ತನ್ನ ಲಿವರಿನಲ್ಲಿ ಒಂದು ಭಾಗ ಕೊಡ್ತೀನಿ ಅಂತಿದ್ದಾನೆ, ಒಳ್ಳೇದು. ಆದರೆ ಆಪರೇಷನ್ ತಡ್ಕೊಳ್ಳೋ ಶಕ್ತಿ ಈ ಮೈಗಿಲ್ಲ. ಚೆನ್ನಾಗಿ ತಿನ್ನಿಸಿ, ವ್ಯಾಯಾಮ ಮಾಡಿಸಿ. ಇದು ಇಪ್ಪತ್ತು ದಾಟಲಿ, ಆಮೇಲೆ ಮಾತಾಡೋಣ."

ಮಗಳು ಪುಟ್ಟ ಡಂಬೆಲ್ ತಂದಳು. ಅಮುಕಲು ರಬ್ಬರ್ ಚೆಂಡು ತಂದಳು. ಎರಡೂ ಕಿಟಕಿಯ ಮೇಲೆ ಧೂಳು ಹಿಡಿದವು. ಕುರ್ಚಿಯಿಂದ ಹತ್ತು ಸಲ ಎದ್ದು ಕೂತು ಮಾಡು ಎಂದರೆ ಅಪ್ಪ ಗೋಡೆಯತ್ತ ಹೊರಳುತ್ತಿದ್ದ.

"ಬಸ್ಕಿ ಹೊಡಿಯೋ ವಯಸ್ಸೇನೇ ನಂದು?"

ಎರಡು ತುತ್ತಿಗೇ ಹೊಟ್ಟೆ ತುಂಬಿತು ಎನ್ನುತ್ತಿದ್ದ. ಬೆಳಿಗ್ಗೆ ಎಂಟಾದರೆ ಮಾತ್ರ ಚಪ್ಪಲಿ ಮೆಟ್ಟಿ "ಗ್ಯಾರೇಜಿಗೆ ಹೋಗಿ ಬರ್ತೀನಿ" ಎಂದು ಹೊರಡುತ್ತಿದ್ದ. ಮಧ್ಯಾಹ್ನ ಬರುವಾಗ ಅಂಗಿ ಬೆವರಿನಲ್ಲಿ ತೊಯ್ದಿರುತ್ತಿತ್ತು. ಬಂದವನೇ ಮಂಚಕ್ಕೆ ಬೀಳುತ್ತಿದ್ದ, ಚಮಚ ಕೂಡ ಕೈಯಿಂದ ಜಾರುತ್ತಿತ್ತು. ಅಂಗಿಯಲ್ಲಿ ಗ್ರೀಸಿನ ಕಲೆ ಒಂದೂ ಇರುತ್ತಿರಲಿಲ್ಲ. ಹಳೆಯ ಗೆಳೆಯರ ಜೊತೆ ಎಲ್ಲೋ ಇಸ್ಪೀಟಿಗೆ ಕೂರುತ್ತಾನೆ ಎಂದು ಮಗಳು ತೀರ್ಮಾನಿಸಿದ್ದಳು.

ಈಗ ಪೊಟ್ಟಣ ಹಿಡಿದು ನಿಂತಾಗ ಅವಳಿಗೆ ಬೇರೇನೋ ಹೊಳೆಯಿತು. ಲಿವರ್ ಕೊಡಹೊರಟ ಅವಳ ತಮ್ಮ ಟೆಂಪೊ ಓಡಿಸುವವನು. ಅವನ ಹೆಂಡತಿಗೆ ಏಳನೇ ತಿಂಗಳು. ಹೋದ ವಾರ ಅಪ್ಪ ಸುಮ್ಮನೆ ಕೇಳುವವನಂತೆ ಕೇಳಿದ್ದ: "ಕೊಯ್ಸಿಕೊಂಡ ಮೇಲೆ ಅವನು ಎಷ್ಟು ದಿನ ಸ್ಟೇರಿಂಗ್ ಹಿಡಿಯಂಗಿಲ್ಲ?"

ಅವಳು ನೇರ ಅಪ್ಪನ ಕೋಣೆಗೆ ಹೋಗಿ ಪೊಟ್ಟಣವನ್ನು ಮಂಚದ ಮೇಲೆ ಬಿಚ್ಚಿದಳು.

"ನಿಂಗೆ ಶಕ್ತಿ ಇದೆ ಅಪ್ಪ. ಬೇಕಂತಲೇ ತಿಂತಿಲ್ಲ, ಬೇಕಂತಲೇ ಕೈ ಸಡಿಲ ಬಿಡ್ತಿದ್ದೀಯ. ಅವನ ಮೈಗೆ ಕತ್ತರಿ ತಾಗಬಾರದು ಅಂತ ತಾನೆ?"

ಅಪ್ಪ ಮೊಟ್ಟೆಗಳನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಅಲ್ಲಿ ಸಿಟ್ಟಿತ್ತು. ಎಷ್ಟೋ ತಿಂಗಳಿಂದ ಕಾಣದ ಆಸೆಯೂ ಇತ್ತು.

"ಹೂಂ," ಎಂದ.

ಮಗಳು ಮಂಚದ ಅಂಚಿನಲ್ಲಿ ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

"ಅಂದ್ರೆ ಶಕ್ತಿ ಇದೆ."

"ಇದೆ."

"ಗುರುವಾರ ಪರೀಕ್ಷೆ. ಪೂರ್ತಿ ಹಿಂಡ್ತೀನಿ ಅಂತ ನನ್ನಾಣೆ ಇಡು."

ಅಪ್ಪ ಮೊಟ್ಟೆಗಳನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿದ. "ನನ್ನ ಕೈಲಿ ಎಷ್ಟಿದೆಯೋ ಅಷ್ಟೂ ಹಿಂಡ್ತೀನಿ. ನಿನ್ನಾಣೆ."

ಅವಳು ತಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವನು ತುಂಬಾ ದಿನಗಳ ಮೇಲೆ ಮನಸಾರೆ ನಕ್ಕ. "ನಂಗೆ ಮೊದಲೇ ಅನುಮಾನ ಇತ್ತು ಕಣಕ್ಕ. ಸ್ಪ್ಯಾನರ್ ಅಷ್ಟು ಸುಲಭಕ್ಕೆ ಸವೆಯುತ್ತಾ?" ಅವತ್ತೇ ಹೋಗಿ ಗಾಡಿಯ ಮಾಲೀಕರಿಗೆ ಎರಡು ತಿಂಗಳ ರಜೆ ಹೇಳಿ ಬಂದ.

ಗುರುವಾರ ಮೂವರೂ ಹೋದರು. ಡಾಕ್ಟರು ಈ ಸಲ ಅವರನ್ನು ವ್ಯಾಯಾಮದ ಕೋಣೆಗೆ ಕಳಿಸಿದರು. ಅಲ್ಲಿ ಬಿಳಿ ಕೋಟಿನ ಒಬ್ಬ ಹೆಂಗಸು. ಮಗಳು ಅವಳನ್ನು ಹಿಂದೆ ನೋಡಿರಲಿಲ್ಲ. ಆಕೆ ಬಾಯಿ ತೆರೆಯುವ ಮೊದಲೇ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಪಕರಣಕ್ಕೆ ಕೈ ಚಾಚಿದ.

ಹಿಂಡಿದ. ಕತ್ತಿನ ನರಗಳು ಎದ್ದವು. ತುಟಿ ಬಿಳಿಚಿತು.

ಹದಿನಾಲ್ಕು.

ಮತ್ತೊಮ್ಮೆ. ಹದಿಮೂರು. ಮೂರನೆಯ ಸಲವೂ ಹದಿಮೂರೇ.

ತಮ್ಮನ ಕಣ್ಣು ನೆಲಕ್ಕಿಳಿಯಿತು. ಮಗಳಿಗೆ ಮೈಯೆಲ್ಲ ಉರಿಯಿತು.

"ನನ್ನಾಣೆ ಇಟ್ಟಿದ್ದೆ. ಇಲ್ಲೂ ನಾಟಕಾನಾ ಅಪ್ಪ?"

"ಹೂಂ, ನಾಟಕಾನೇ," ಎಂದ ಅಪ್ಪ, ಅವಳತ್ತ ನೋಡದೆ. "ನಡಿ, ಮನೆಗೆ ಹೋಗೋಣ." ಕುರ್ಚಿಯ ಕೈಗಳನ್ನು ಹಿಡಿದು ಏಳಲು ಹೋದ, ಅರ್ಧಕ್ಕೆ ಮತ್ತೆ ಕೂತ.

ಬಿಳಿ ಕೋಟಿನ ಹೆಂಗಸು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು.

"ಹೇಳಬೇಡ ಅಂದಿದ್ರು, ಆದ್ರೂ ಹೇಳ್ತೀನಿ. ಮೂರು ತಿಂಗಳಿಂದ ಒಂದು ಬೆಳಿಗ್ಗೆನೂ ತಪ್ಪದೆ ಇಲ್ಲಿಗೆ ಬಂದು ಬೆವರು ಸುರಿಸಿದ್ದಾರೆ, ಹದಿನಾಲ್ಕು ಬಂದಿದ್ದು ಇವತ್ತೇ ಮೊದಲು."