ತಮ್ಮನಿಗೆಂದು ಕಟ್ಟಿದ ವಿಮೆ

ಬೆಳಿಗ್ಗೆ ಹತ್ತೂವರೆ. ಇಂಜಾಳ ಕಾರಿನ ವಿಮೆ ಅಂದು ನಡುರಾತ್ರಿಗೆ ಮುಗಿಯುವುದಿತ್ತು. ಮುಖೊ ಬಂದರಿನ ಅವಳ ಒಣಮೀನಿನ ಅಂಗಡಿಯಲ್ಲಿ ಏಜೆಂಟ್ ಮಿರಾನ್ ಸ್ಟೂಲಿನ ಮೇಲೆ ಕುಳಿತು, ಸುಟ್ಟ ಬೊಂಡಾಸ ಮೀನನ್ನು ಸೀಳಿ ತಿನ್ನುತ್ತಿದ್ದಳು.

“ಅಕ್ಕಾ, ಈ ಸಲ ನಿಮ್ಮ ತಮ್ಮನ ಹೆಸರು ತೆಗೆದುಬಿಡ್ಲಾ? ಎಪ್ಪತ್ತೆರಡು ಸಾವಿರ ವೊನ್ ಉಳಿಯುತ್ತೆ. ನಾಲ್ಕು ವರ್ಷದಿಂದ ಸುಮ್ನೆ ಕಟ್ತಿದ್ದೀರಿ. ಅವರು ಒಂದು ದಿನಾನೂ ಸ್ಟೇರಿಂಗ್ ಮುಟ್ಟಿಲ್ಲ.”

“ಕಟ್ಟೋಳು ನಾನು. ನಿಂಗ್ಯಾಕೆ ಹೊಟ್ಟೆನೋವು?”

“ಕಮಿಷನ್ ಹೋಗೋದು ನಂದೇ ಅಲ್ವಾ? ಆದ್ರೂ ಹೇಳ್ತಿದೀನಿ ನೋಡಿ.”

ಇಂಜಾಳದು ಕುಟುಂಬದವರಿಗೆ ಸೀಮಿತವಾದ ಪಾಲಿಸಿ. ಗಂಡ, ಮಕ್ಕಳು, ಅಪ್ಪ, ಅಮ್ಮ, ಅತ್ತೆ, ಮಾವ, ಅಳಿಯ, ಸೊಸೆ, ಇವರೆಲ್ಲ ಅದರಲ್ಲಿ ಬರುತ್ತಾರೆ. ಒಡಹುಟ್ಟಿದವರು ಬರುವುದಿಲ್ಲ, ಅವರು ಕಾರು ಓಡಿಸಬೇಕಾದರೆ ಬೇರೆ ಹಣ ಕಟ್ಟಬೇಕು. ತಾಯಿ ತೀರಿಕೊಂಡ ವರ್ಷ, ಸಮಾಧಿಗೆ ಹೊರಟಾಗ ತಮ್ಮ ದೊಕ್‌ಸು ಸ್ಟೇರಿಂಗ್ ಹಿಡಿದು ಕುಳಿತಿದ್ದ. ವಿಮೆಯ ನೆನಪಾಗಿ ಇಂಜಾ ಅವನನ್ನು ಇಳಿಸಿ, ನೆಂಟರೆದುರಿಗೇ ಕೀಲಿಯನ್ನು ಅಳಿಯನ ಕೈಗೆ ಕೊಟ್ಟಳು. ದೊಕ್‌ಸು ಸಮಾಧಿಗೂ ಬಾರದೆ ಬಸ್ಸು ಹತ್ತಿ ಹೋದ. ಆಮೇಲೆ ಒಂದು ಫೋನೂ ಇಲ್ಲ. ಮುಂದಿನ ನವೀಕರಣದಿಂದಲೇ ಇಂಜಾ ಅವನ ಹೆಸರಿಗೂ ಹಣ ಕಟ್ಟತೊಡಗಿದ್ದಳು.

“ನಿನ್ನೆ ಮೊನ್ನೆ ಬಂದ ಅಳಿಯ ಓಡಿಸ್ಬಹುದು, ಜೊತೆಗೆ ಹುಟ್ಟಿದೋನು ಓಡಿಸೋ ಹಾಗಿಲ್ಲ. ಯಾವ ಪುಣ್ಯಾತ್ಮ ಬರೆದ ರೂಲ್ಸೋ,” ಎಂದಳು ಇಂಜಾ.

“ಅದಕ್ಕೂ ದಾರಿ ಇದೆ ಅಕ್ಕಾ. ಅವರು ಬರೋ ದಿನಕ್ಕೆ ಮಾತ್ರ ಹಾಕಿಸ್ಕೊಳ್ಳಿ. ಒಂದೊಪ್ಪತ್ತಿನ ಊಟದ ದುಡ್ಡು, ಅಷ್ಟೇ. ಹಿಂದಿನ ದಿನ ನಂಗೊಂದು ಫೋನ್ ಮಾಡಿದ್ರೆ ಸಾಕು, ನಡುರಾತ್ರಿಯಿಂದ ಶುರುವಾಗುತ್ತೆ.”

ಇಂಜಾ ಕಟ್ಟುತ್ತಿದ್ದ ಮೀನಿನ ಕಂತೆಯನ್ನು ಕೆಳಗಿಟ್ಟಳು.

“ಹಿಂದಿನ ದಿನ ಹೇಳಿ ಬರೋನಲ್ಲ ಅವನು.”

ಪಾಲಿಸಿ ಮೊದಲಿನಂತೆಯೇ ನವೀಕರಣವಾಯಿತು.

ಎಲ್ಲರೂ ಹಿರಿಯರ ಸಮಾಧಿಗೆ ಹೋಗುವ ಚುಸೊಕ್ ಹಬ್ಬಕ್ಕೂ ದೊಕ್‌ಸು ಬರಲಿಲ್ಲ. ಹಬ್ಬ ಕಳೆದು ತಿಂಗಳಾದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ಇಂಜಾ ಏನನ್ನೂ ಕೇಳದೆ ಕೀಲಿ ಚಾಚಿದಳು.

“ಅಮ್ಮನ ಹತ್ರ ಹೋಗ್ಬರೋಣ. ನೀನೇ ಓಡಿಸು. ವಿಮೆಗೆ ನಿನ್ನನ್ನೂ ಸೇರ್ಸಿದೀನಿ.”

ಅವನು ಕೀಲಿ ಮುಟ್ಟಲಿಲ್ಲ. “ಲೈಸೆನ್ಸ್ ರದ್ದಾಗಿದೆ ಅಕ್ಕ. ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದೆ.”

“ನಿನ್ನ ಮುಖಕ್ಕಿಷ್ಟು,” ಎಂದಳು ಇಂಜಾ. “ಪಕ್ಕದಲ್ಲಿ ಕೂತ್ಕೊ, ಬಾ.”

ತೆಬೆಕ್ ಬೆಟ್ಟದ ಸಮಾಧಿಗೆ ಒಂದು ಗಂಟೆಯ ದಾರಿ. ರಸ್ತೆ ಖಾಲಿಯಿತ್ತು. ಇಂಜಾ ಎರಡೂವರೆ ಗಂಟೆ ತೆಗೆದುಕೊಂಡಳು.