ಚಿಕ್ಕಪ್ಪನ ಸಾಮು

ಎಳ್ಳೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಚಿಕ್ಕಪ್ಪನ ಹೊಳೆಯುವ ಬೆನ್ನೇ ಕಾಣುತ್ತದೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದ ನಾವು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದೆವು. ಮೈಸೂರಿನ ಗರಡಿಯಲ್ಲಿ ಪಳಗಿದ್ದ ಚಿಕ್ಕಪ್ಪ ದಿನಾ ಮಧ್ಯಾಹ್ನದ ನಿದ್ದೆ ಮುಗಿಸಿ, ಮೈಗೆಲ್ಲ ಎಣ್ಣೆ ಬಳಿದುಕೊಂಡು ಜಗಲಿಯಲ್ಲಿ ದಂಡ, ಬಸ್ಕಿ ಹೊಡೆಯುತ್ತಿದ್ದ. "ಮೈ ಗಟ್ಟಿ ಇದ್ರೆ ಕಾಯಿಲೆ ಹತ್ರ ಸುಳಿಯಲ್ಲ ಕಣ್ರೋ" ಎಂದು ನಮಗೆಲ್ಲ ಉಪದೇಶ ಬೇರೆ.

ಒಂದು ದಿನ ಅಂಗಳದ ತುಂಬ ಭತ್ತ ಒಣಗುತ್ತಿದ್ದಾಗ ಅಕಾಲದ ಮಳೆ ಸುರಿಯಿತು. ತುಂಬು ಬಸುರಿ ಅಮ್ಮ ಭತ್ತವನ್ನು ಗೋರಿ ಗೋರಿ ಮಂಕರಿಗೆ ತುಂಬಿ ಒಳಗೆ ಹೊತ್ತಳು. ಅಜ್ಜಿಯೂ ಹೊತ್ತಳು. ಆಗಷ್ಟೇ ಸಾಮು ಮುಗಿಸಿ ಕೂತಿದ್ದ ಚಿಕ್ಕಪ್ಪ ಏಳಲಿಲ್ಲ.

"ಸಾಮು ಮಾಡಿದ್ಮೇಲೆ ಬೆವರು ಆರೋಗಂಟ ಭಾರ ಎತ್ಬಾರ್ದು ಅತ್ತಿಗೆ, ನರ ಹಿಡ್ಕಳುತ್ತೆ. ಗರಡೀಲಿ ಅದೇ ನಿಯಮ" ಎಂದ.

ಅಜ್ಜಿ ಒಳಗೆ ಹೋಗಿ, ಅವನಿಗೆಂದೇ ಕಾಯಿಸಿಟ್ಟಿದ್ದ ಬಾದಾಮಿ ಹಾಲು ತಂದು ನನ್ನ ಕೈಗಿಟ್ಟಳು.

"ತಗಾ ಮಗಾ, ತುಂಬಿದ ಲೋಟ, ಭಾರ ಇರುತ್ತೆ. ಪಾಪ, ನಿಮ್ಮ ಚಿಕ್ಕಪ್ಪಂಗೆ ಇನ್ನೂ ಬೆವರು ಆರಿಲ್ಲ. ನೀನೇ ಬಾಯಿಗೆ ಹಿಡಿದು ಕುಡಿಸು."

ಚಿಕ್ಕಪ್ಪ ಬಾಯಿ ತೆರೆದು ಕುಡಿದ.